ವೈಶಾಖದ ಹಿತ್ತಲು ಮತ್ತು ಟೊಮೆಟೊ: ಒಂದು ಬಹುಶಿಸ್ತೀಯ ಅನುಸಂಧಾನ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಪರಿಸರದ ಹಿತ್ತಲುಗಳಲ್ಲಿ ವೈಶಾಖ ಮಾಸದ ಟೊಮೆಟೊ ನಾಟಿಯ ತಾತ್ವಿಕ ನೆಲೆಗಳನ್ನೂ ಅಸ್ಮಿತೆಯ ಚಹರೆಗಳನ್ನೂ ಬಚ್ಚಲ ನೀರಿನೊಂದಿಗೆ ಅದು ನಡೆಸುವ ಮುಖಾಮುಖಿಯನ್ನೂ ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ವಿಷಯದಲ್ಲಿ ಈವರೆಗೆ ಯಾವ ಅಧ್ಯಯನವೂ ನಡೆದಿಲ್ಲ. ನಡೆದಿದ್ದರೂ ಪ್ರಬಂಧಕಾರರು ಓದಿಲ್ಲ.

ಪ್ರಾಕ್ಕಲ್ಪನೆ: ಟೊಮೆಟೊ ನೆಡುವುದೆಂದರೆ ಟೊಮೆಟೊ ನೆಡುವುದಲ್ಲ.

ರೂಢಿಯಂತೆ ಪಂಪನಿಂದ ಶುರುಮಾಡಬೇಕು. ಲಕ್ಷ್ಮೇಶ್ವರವೆಂದರೆ ಅಂದಿನ ಪುಲಿಗೆರೆ. ಪಂಪ ತನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಈ ಊರಿನ ಕನ್ನಡವನ್ನು. ಆದರೆ 941ರ ಸುಮಾರಿನ ಆ ಕಾವ್ಯದಲ್ಲಿ ಟೊಮೆಟೊ ಇಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸನೂ ಭೀಮನನ್ನು ವಿರಾಟನ ಅಡುಗೆಮನೆಗೆ ಕಳಿಸಿದನೇ ಹೊರತು ಕೈಗೆ ಒಂದು ಟೊಮೆಟೊ ಕೊಡಲಿಲ್ಲ. ಇದನ್ನು ಪ್ರಬಂಧವು ‘ಅರ್ಥಗರ್ಭಿತ ಮೌನ’ ಎಂದು ಗುರುತಿಸುತ್ತದೆ. ದಕ್ಷಿಣ ಅಮೆರಿಕದ ಆಂಡೀಸ್ ಸೀಮೆಯ ಈ ಗಿಡ ಪೋರ್ಚುಗೀಸರ ಕಾಲದಲ್ಲಿ ಇತ್ತ ಬರುವಷ್ಟರಲ್ಲಿ ಇಬ್ಬರೂ ಕವಿಗಳು ಕಾಲವಾಗಿದ್ದರು ಎಂಬ ಸರಳ ಕಾರಣ ಇದೆಯಾದರೂ, ಸರಳ ಕಾರಣಗಳಿಗೆ ಯಾರೂ ಡಾಕ್ಟರೇಟ್ ಕೊಡುವುದಿಲ್ಲ.

ಹಣ್ಣೋ ತರಕಾರಿಯೋ ಎಂಬ ವಾಗ್ವಾದವೂ ಉಂಟು. ಸುಂಕದ ತಕರಾರೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1893ರಲ್ಲಿ ಅದನ್ನು ತರಕಾರಿ ಎಂದು ತೀರ್ಮಾನಿಸಿತು. ಬೆಟಗೇರಿಯಲ್ಲಿ ಕಾಯಿಪಲ್ಯೆ ಮಾರುವವರು ಕೋರ್ಟು ಹತ್ತದೆಯೇ ಅದನ್ನು ಬದನೆಕಾಯಿ, ಮೆಣಸಿನಕಾಯಿಗಳ ಪಕ್ಕ ಇಡುತ್ತಾರೆ. ಮೂರೂ ಒಂದೇ ಕುಟುಂಬದವು ಎಂದು ಸಸ್ಯಶಾಸ್ತ್ರವೂ ಒಪ್ಪುತ್ತದೆ.

ಇನ್ನು ವರ್ಗೀಕರಣ. ಹಿತ್ತಲ ಟೊಮೆಟೊ ಹನ್ನೊಂದು ಬಗೆ. ಒಂದು, ಸ್ವಯಂಭೂ: ಮುಸುರೆಯ ಜತೆ ಹರಿದುಹೋದ ಬೀಜ ಬಚ್ಚಲ ಮೋರಿಯ ಬಾಯಲ್ಲಿ ತಾನಾಗಿ ಹುಟ್ಟಿದ್ದು. ಎರಡು, ಪ್ರತಿಷ್ಠಾಪಿತ: ನರ್ಸರಿಯಲ್ಲಿ ರೊಕ್ಕ ಕೊಟ್ಟು ತಂದದ್ದು. ಮೂರು, ಜಂಗಮ: ಬಣ್ಣದ ಡಬ್ಬಿಯಲ್ಲಿ ಕೂತು ಬಿಸಿಲು ಬಂದಂತೆಲ್ಲ ಜಾಗ ಬದಲಿಸುವುದು. ನಾಲ್ಕನೆಯದನ್ನು ಆಡು ತಿಂದಿದೆ. ಉಳಿದ ಏಳರ ವಿಚಾರ ಮುಂದಿನ ಸಂಕಿರಣದಲ್ಲಿ, ಅನುದಾನ ಬಂದರೆ.

ಕ್ಷೇತ್ರಕಾರ್ಯ ನಡೆದದ್ದು ಎಸಿ ಸಭಾಂಗಣದಲ್ಲಿ. ‘ಗಿಡಕ್ಕೆ ದಿನಕ್ಕೆರಡು ಹೊತ್ತು ಧಾರಾಳವಾಗಿ ನೀರುಣಿಸಿರಿ’ ಎಂದು ಸಂಪನ್ಮೂಲ ವ್ಯಕ್ತಿಗಳು ಅಪ್ಪಣೆ ಕೊಡಿಸಿದಾಗ ಹಿಂದಿನ ಸಾಲಿನಿಂದ ಬೆಟಗೇರಿಯ ಅವ್ವ ಒಬ್ಬರು ಎದ್ದರು: “ಅಷ್ಟು ನೀರಿದ್ರ ಮೊದ್ಲ ನಾವು ಜಳಕಾ ಮಾಡ್ತಿದ್ವಿರಿ, ಸರ.” ನಡಾವಳಿಯಲ್ಲಿ ಇದು ‘ಸಭಿಕರು ಸಂವಾದದಲ್ಲಿ ಉತ್ಸಾಹದಿಂದ ಪಾಲ್ಗೊಂಡರು’ ಎಂದು ದಾಖಲಾಗಿದೆ.

ಇಲ್ಲಿಗೆ ಪರಿಭಾಷೆ ಸಾಕು. ಎರಡು ತಾಸಿನ ಭಾಷಣದಲ್ಲಿ ಆ ಅವ್ವನಿಗೆ ಬೇಕಾದದ್ದನ್ನು ಯಾರೂ ಹೇಳಲಿಲ್ಲ. ಹಗಲಿನ ಬಿಸಿಲು 35 ಡಿಗ್ರಿ ದಾಟಿ, ರಾತ್ರಿಯೂ ಧಗೆ ಇಳಿಯದಿದ್ದರೆ ಟೊಮೆಟೊದ ಪರಾಗ ಕೆಡುತ್ತದೆ. ಹೂವಿನ ತೊಟ್ಟಿನ ನಡುವೆ ಮೊಣಕಾಲಿನ ಹಾಗೆ ಒಂದು ಗಂಟಿರುತ್ತದೆ. ಅದು ಮೊದಲು ಹಳದಿಯಾಗಿ, ಮುಟ್ಟಿದರೆ ಸಾಕು, ಹೂವು ಕಳಚಿ ಬೀಳುತ್ತದೆ. ಈ ಸೀಮೆಯ ವೈಶಾಖದಲ್ಲಿ ಎಷ್ಟು ನೀರು ಸುರಿದರೂ ಹೂವು ನಿಲ್ಲುವುದು ಕಷ್ಟ. ಮೇಲೆ ಬಿಳಿನೊಣದ ಕಾಟ: ಅದು ತರುವ ವೈರಸ್ಸಿಗೆ ಎಲೆ ಮುದುಡಿ ದೋಣಿಯಂತಾಗುತ್ತದೆ, ಗಿಡ ಕುಳ್ಳಾಗಿ ಕೂರುತ್ತದೆ. ಇದನ್ನು ತಡೆಯಲೆಂದೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ನಂದಿ, ಸಂಕ್ರಾಂತಿ, ವೈಭವ ಎಂಬ ತಳಿಗಳನ್ನು ಕೊಟ್ಟಿದೆ. ಆ ಮೂರು ಹೆಸರು ಹೇಳಲು ಅರ್ಧ ನಿಮಿಷ ಸಾಕಿತ್ತು.

ಕಾಯಿಯ ತಳ ಕಪ್ಪಾಗಿ ಕೊಳೆಯುವುದಕ್ಕೂ ಔಷಧಿ ಸಿಂಪಡಿಸಿ ಎನ್ನುವವರಿದ್ದಾರೆ. ಅದು ರೋಗವೇ ಅಲ್ಲ. ಒಂದು ದಿನ ನೀರು ತುಂಬಿ, ನಾಲ್ಕು ದಿನ ಒಣಗಿಸಿದರೆ ಕಾಯಿಗೆ ಸುಣ್ಣದಂಶ ತಲುಪುವುದಿಲ್ಲ, ಅಷ್ಟೇ. ನೀರು ಹದವಾಗಿ, ತಪ್ಪದೆ ಸಿಗಬೇಕು. ಎಲ್ಲಿಂದ? ತುಂಗಭದ್ರೆ ಮುಂಡರಗಿ ತಾಲ್ಲೂಕಿನ ಅಂಚಿನಲ್ಲೇ ಹರಿಯುತ್ತಾಳೆ, ಗದಗ-ಬೆಟಗೇರಿಯ ನಲ್ಲಿಗಳು ಕಾಯುವುದು ಅವಳನ್ನೇ. ಬೇಸಿಗೆಯಲ್ಲಿ ನಲ್ಲಿ ಬರುವ ದಿನವನ್ನು ಮನೆಯ ಹೆಣ್ಣುಮಕ್ಕಳು ಹಬ್ಬದ ದಿನಕ್ಕಿಂತ ಚೆನ್ನಾಗಿ ನೆನಪಿಡುತ್ತಾರೆ. ನಡುರಾತ್ರಿ ಬಂದರೂ ಎದ್ದು ಕೊಡ ಹಚ್ಚುತ್ತಾರೆ. ಅಕ್ಕಿ ತೊಳೆದ ನೀರು, ಬ್ಯಾಳಿ ತೊಳೆದ ನೀರು ಗಿಡಕ್ಕೆ ಹೋಗುತ್ತದೆ, ಸೋಪಿನ ನೀರು ಹೋಗುವುದಿಲ್ಲ. ಈ ಲೆಕ್ಕವನ್ನು ಯಾವ ಸಂಶೋಧನೆಯೂ ಅಡಿಟಿಪ್ಪಣಿಗೆ ಸೇರಿಸಿಲ್ಲ ಎಂಬುದು ಸಿಟ್ಟು ತರಿಸುವ ಸಂಗತಿ. 2023ರ ಜುಲೈನಲ್ಲಿ ಟೊಮೆಟೊ ದರ ಕಿಲೋಗೆ ನೂರು ರೂಪಾಯಿ ದಾಟಿದಾಗ ಹಿತ್ತಲ ತೋಟದ ಮೇಲೆ ಭಾಷಣಗಳು ಮೊಳೆತವು. ದರ ಬಿದ್ದು ರೈತರು ಬುಟ್ಟಿಗಟ್ಟಲೆ ರಸ್ತೆಗೆ ಸುರಿಯುವಾಗ ವೇದಿಕೆಗಳು ಖಾಲಿ.

ಬಲ್ಲವರು ಇಲ್ಲಿ ವೈಶಾಖದಲ್ಲಿ ಸಸಿ ನೆಡುವುದಿಲ್ಲ. ರೋಹಿಣಿಯಲ್ಲಿ, ಅಂದರೆ ಮೇ ಕೊನೆಗೆ, ನೆರಳಲ್ಲಿ ಬೀಜ ಹಾಕಿ, ಹಳೆ ಸೊಳ್ಳೆಪರದೆ ಹೊದಿಸಿ ಬಿಳಿನೊಣ ತಡೆದು, ಮಿರಗದ ಮಳೆ ಕೂಡಿದ ಮೇಲೆ ನಾಟಿ ಮಾಡುತ್ತಾರೆ. ಎರಿಮಣ್ಣಾದರೆ ನೀರು ನಿಲ್ಲದಂತೆ ಏರುಮಡಿ, ಮಸಾರಿಯಾದರೆ ಬುಡಕ್ಕೆ ಒಣ ಕಸದ ಹೊದಿಕೆ. ಶಿರಹಟ್ಟಿ, ಮುಂಡರಗಿ ಕಡೆ ಕೋಲು ಗಟ್ಟಿಯಾಗಿ ಕಟ್ಟಬೇಕು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ಅದು.

ಸಂಕಿರಣ ಮುಗಿದಾಗ ಎಲ್ಲರೂ ಪ್ರಮಾಣಪತ್ರಕ್ಕೆ ಸಾಲು ನಿಂತರು. ಆ ಅವ್ವ ಮಾತ್ರ ವೇದಿಕೆಯ ಮೇಲೆ ಅರ್ಧ ಕುಡಿದು ಬಿಟ್ಟಿದ್ದ ನೀರಿನ ಬಾಟಲಿಗಳನ್ನು ಕೈಚೀಲಕ್ಕೆ ತುಂಬಿಕೊಂಡರು. ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಬಾಟಲಿಯನ್ನು ಬುಡದಲ್ಲಿ ಬೋರಲು ಹುಗಿದರೆ ನೀರು ತಟತಟ ಬೇರಿಗೇ ಇಳಿಯುತ್ತದೆ ಎಂಬ ಅಂಶವನ್ನು ಪರಿಶಿಷ್ಟದಲ್ಲಿ ಸೇರಿಸಬೇಕೋ ಬೇಡವೋ ಎಂಬುದು ಸಂಪಾದಕ ಸಮಿತಿಯ ಪರಿಶೀಲನೆಯಲ್ಲಿದೆ.