ಸ್ವಸುಖ–ಲೋಕಸ್ಥಿತಿ ತಾರತಮ್ಯ ವಿಚಾರ

ತಾನಿರುವ ತನಕದ ಸುಖವು ಹಿರಿದೋ, ತಾನಳಿದ ಬಳಿಕವೂ ಜಗತ್ತು ಉಳಿಯುವುದು ಹಿರಿದೋ ಎಂಬ, ತತ್ತ್ವಜ್ಞರ ನಿದ್ರೆಯನ್ನು ಕೆಡಿಸತಕ್ಕ ಗಹನಪ್ರಶ್ನೆಯನ್ನು ಬಸವಕಲ್ಯಾಣದ ಮಗ್ಗುಲಿನ ನಾರಾಯಣಪುರದಲ್ಲಿ, ಚಾಲುಕ್ಯರ ಕಾಲದ ಶಿವಾಲಯದ ನೆರಳಿನಲ್ಲಿ ಕುಳಿತ ಹಿರಿಯರೊಬ್ಬರು ತಂಬಾಕು ತಿಕ್ಕುತ್ತಲೇ "ನಾ ಸತ್ತ ಮ್ಯಾಲ ದುನಿಯಾ ಇದ್ರೇನು, ಮುಳುಗಿದ್ರೇನು?" ಎಂದು ಆರೇ ಪದಗಳಲ್ಲಿ ತೀರಿಸಿಬಿಟ್ಟರು. ಶಾಸ್ತ್ರಮರ್ಯಾದೆಗೆ ಅನುಸಾರವಾಗಿ ಅವರನ್ನು ಇನ್ನು ಮುಂದೆ ಪೂರ್ವಪಕ್ಷಿಗಳೆಂದು ಕರೆಯುವೆವು.

ತೂಗುವುದಕ್ಕೆ ಮೊದಲು ತೂಕದ ಕಲ್ಲು ಬೇಕಷ್ಟೆ. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದ 100 ಅಧ್ಯಾಯಗಳಲ್ಲಿ 20ನ್ನು ಉಪಭೋಗಗಳಿಗೇ ಮೀಸಲಿಟ್ಟು, ಗೃಹ, ಸ್ನಾನ, ಪಾದುಕೆ, ತಾಂಬೂಲ, ಛತ್ರ, ಶಯ್ಯೆ ಎಂದು ಸುಖವನ್ನು ಎಣಿಸಿಟ್ಟಿರುವುದರಿಂದ ಈ ಭಾಗದಲ್ಲಿ ಆ ಕಲ್ಲುಗಳಿಗೆ ಬರವಿಲ್ಲ. (ಕಾಲೊತ್ತಿಸಿಕೊಳ್ಳುವುದಕ್ಕೂ ಒಡ್ಡೋಲಗಕ್ಕೂ ಸಮಾನಗೌರವವನ್ನಿತ್ತ ಆ ದೊರೆಯ ವಿವೇಕವನ್ನು ಮೆಚ್ಚದವರು ಎಂದೂ ದಣಿಯದವರೇ ಸರಿ.) ಪೂರ್ವಪಕ್ಷಿಗಳು ತಾಂಬೂಲವನ್ನೂ ಶಯ್ಯೆಯನ್ನೂ ಕೂಡಲೇ ತಮ್ಮ ತಟ್ಟೆಗೆ ಹಾಕಿಕೊಂಡರು. ಆದರೆ ಆ ಪಟ್ಟಿಯಲ್ಲಿ ಪುತ್ರನೂ ಒಂದು ಉಪಭೋಗವೆಂಬುದನ್ನು ಅವರು ಗಮನಿಸಲಿಲ್ಲ. ವಾದವು ಮುಗ್ಗರಿಸುವುದು ಇಲ್ಲಿಯೇ.

ಏಕೆಂದರೆ ಆ ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದು, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ'ವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ನಿರ್ಣಯಿಸಿದ್ದಾನೆ. ಜಗತ್ತು ಪೂರ್ವಪಕ್ಷಿಗಳ ಸ್ವಾರ್ಜಿತವಲ್ಲ, ಅಜ್ಜ ಮುತ್ತಜ್ಜರಿಂದ ಬಂದದ್ದು. ಇದನ್ನು ಅವರೂ ಅಲ್ಲಗಳೆಯಲಿಲ್ಲ. ಹೀಗಿರಲು ಅದನ್ನು ತನ್ನೊಡನೆ ಮುಳುಗಿಸುವುದು, ಸಮಪಾಲುದಾರನಾದ ಮಗನ ಒಪ್ಪಿಗೆಯಿಲ್ಲದೆ ಮಾಡಿದ ಪರಭಾರೆಯಾಗಿ ಅಸಿಂಧುವಾಗುತ್ತದೆ. ಜೀಮೂತವಾಹನನ 'ದಾಯಭಾಗ'ವು ನಡೆಯುವ ವಂಗದೇಶದಲ್ಲಿ, ತಂದೆಯು ಜೀವಿಸಿರುವ ತನಕ ಮಕ್ಕಳಿಗೆ ಹಕ್ಕಿಲ್ಲವಾದುದರಿಂದ, ಈ ದಾವೆ ಗೆಲ್ಲುವ ಸಂಭವವಿತ್ತು. ಕಲ್ಯಾಣದ ಮಗ್ಗುಲಿನಲ್ಲಿ ಹುಟ್ಟಿದ್ದು ಅವರ ದುರ್ದೈವ.

ನಿದರ್ಶನವೂ ಉಂಟು. ಅಸಾಧ್ಯರೋಗದಿಂದ ನೊಂದ ಒಂದನೆಯ ಸೋಮೇಶ್ವರನು 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯನ್ನು ಹೊಕ್ಕು ದೇಹವನ್ನು ಬಿಟ್ಟಾಗ ಕಲ್ಯಾಣವು ಮುಳುಗಲಿಲ್ಲ; ಮುಳುಗಿದ್ದರೆ ಅವನ ಮಕ್ಕಳಿಬ್ಬರು ಸಿಂಹಾಸನಕ್ಕಾಗಿ ಸೆಣಸುವುದಾಗಲಿ, ತಮ್ಮನಾದ ವಿಕ್ರಮಾದಿತ್ಯನು 1076ರಲ್ಲಿ ಅಣ್ಣನನ್ನು ಇಳಿಸಿ ತನ್ನ ಹೆಸರಿನಲ್ಲೊಂದು ಶಕೆಯನ್ನು ಹೂಡುವುದಾಗಲಿ ಆಗುತ್ತಿರಲಿಲ್ಲ.

ಇಷ್ಟನ್ನೂ ಕಣ್ಣು ಮುಚ್ಚಿ ಆಲಿಸಿದ ಪೂರ್ವಪಕ್ಷಿಗಳು, "ಹಂಗಾದ್ರ ನನ್ನ ಸಾಲದಾಗೂ ಮಗಂದು ಪಾಲು ಅದ ಏನ್ರಿ?" ಎಂದು ಕೇಳಿದರು. ತಂದೆಯ ಋಣವನ್ನು ಮಗನು ತೀರಿಸತಕ್ಕದ್ದೇ ಶಾಸ್ತ್ರವೆಂದು ಅರಿಕೆ ಮಾಡಲಾಗಿ, ತಮ್ಮ ನಂತರವೂ ಜಗತ್ತು ಚಿರಕಾಲ ಬಾಳಲೆಂದು ತುಂಬುಹೃದಯದಿಂದ ಒಪ್ಪಿಕೊಂಡರು. ಕುಡಿತಕ್ಕೂ ಜೂಜಿಗೂ ಮಾಡಿದ ಸಾಲಕ್ಕೆ ಮಾತ್ರ ಮಗನು ಹೊಣೆಯಲ್ಲವೆಂದು ಅದೇ ಸ್ಮೃತಿಯು ವಿಧಿಸಿರುವುದನ್ನು ನಾವು ಪ್ರಾಮಾಣಿಕತೆಯಿಂದ ಸೇರಿಸಿದೊಡನೆ, ಅಂಗೈಯ ತಂಬಾಕನ್ನು ಬಾಯಿಗಿಟ್ಟುಕೊಂಡು, ಪುನಃ ಪೂರ್ವಪಕ್ಷಕ್ಕೇ ಮರಳಿದರು.