ಕೃಶೋತ್ತರ ಕಿರ್ದಿ ಮೀಮಾಂಸೆ

ತೂಕ ಇಳಿಸಲು ಹೊರಟವರು ಏನನ್ನು ಬರೆದಿಡಬೇಕು, ಎಷ್ಟು ಬರೆದಿಡಬೇಕು ಎಂಬುದರ ಮೇಲೆ ಗ್ರಂಥಗಳಿಗೆ ಬರವಿಲ್ಲ. ತೂಕ ಇಳಿದ ಮೇಲೆ ಆ ಬರವಣಿಗೆಯನ್ನು ಏನು ಮಾಡಬೇಕೆಂಬ ಬಗ್ಗೆ ಮಾತ್ರ ಪೂರ್ವಸೂರಿಗಳು ಅನುಮಾನ ಹುಟ್ಟಿಸುವಷ್ಟು ಮೌನವಾಗಿದ್ದಾರೆ. ಬೆಳಗ್ಗೆ ಇಡ್ಲಿ 2, ಚಟ್ನಿ 1 ಸೌಟು, ಮಧ್ಯಾಹ್ನ ಮುದ್ದೆ 1, ಸೊಪ್ಪಿನ ಸಾರು ‘ಅಂದಾಜು’ ಎಂದು ಮೊಬೈಲಿನಲ್ಲಿ ತಿಂಗಳುಗಟ್ಟಲೆ ಲೆಕ್ಕ ಬರೆದು, ಹತ್ತು ಹನ್ನೆರಡು ಕಿಲೊ ಕಳೆದುಕೊಂಡು, ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಸಿಕೊಂಡು ನಿಂತ ಮನುಷ್ಯ ಇನ್ನು ಉಸಿರಿರುವ ತನಕ ಬರೆಯುತ್ತಲೇ ಇರಬೇಕೆ? ಇದೇ ಪ್ರಕೃತ ಜಿಜ್ಞಾಸೆ. ಇಂಥ ಮನುಷ್ಯನನ್ನು ಈ ಪ್ರಬಂಧದಲ್ಲಿ ‘ಕೃಶೋತ್ತರ’ ಎಂದೂ ಅವನ ದಿನವಹಿ ಲೆಕ್ಕವನ್ನು ‘ಕಿರ್ದಿ’ ಎಂದೂ ಕರೆಯಲಾಗುವುದು. ‘ಕೃಶೋತ್ತರೆ’ ಎಂಬ ರೂಪವೂ ಸಾಧುವೇ. ಎರಡೂ ಲಿಂಗಗಳಿಗೆ ತಕ್ಕಡಿ ಒಂದೇ.

ಮೊದಲು ಪದನಿರ್ಣಯ. ‘ಮಿತಾಹಾರ’ ಎಂದರೆ ಕಡಿಮೆ ಊಟ ಎಂದು ಲೋಕ ತಿಳಿದಿದೆ. ಅಳೆಯುವುದೆಂಬ ಅರ್ಥದ ‘ಮಾ’ ಧಾತುವಿನಿಂದ ಹುಟ್ಟಿದ ‘ಮಿತ’ಕ್ಕೆ ಅಳೆದದ್ದು ಎಂದಷ್ಟೇ ಮೂಲಾರ್ಥ. ಅಳೆದು ಹನ್ನೆರಡು ಹೋಳಿಗೆ ತಿಂದವನೂ ವ್ಯುತ್ಪತ್ತಿಯ ಲೆಕ್ಕದಲ್ಲಿ ಮಿತಾಹಾರಿಯೇ. ಅದೇ ಧಾತುವಿನ ಇನ್ನೊಂದು ಕೂಸು ‘ಪ್ರಮಾಣ’: ಅಡುಗೆಮನೆಯಲ್ಲಿ ಅಳತೆ, ತರ್ಕದಲ್ಲಿ ಪುರಾವೆ, ಕೋರ್ಟಿನಲ್ಲಿ ಆಣೆ. ಕಿರ್ದಿ ಬರೆಯುವವರು ಈ ಮೂರನ್ನೂ ಒಂದೇ ಎಂದುಕೊಂಡಿದ್ದಾರೆ. ಅಳೆದಿದ್ದೇನೆ, ಆದ್ದರಿಂದ ಪುರಾವೆಯಿದೆ, ಆದ್ದರಿಂದ ಆಣೆ ಇಡಬಲ್ಲೆ ಎಂಬುದು ಅವರ ವರಸೆ. ಈ ಪ್ರಬಂಧದ ಅರ್ಧ ಜಗಳ ಅಲ್ಲೇ ಇದೆ. ಉಳಿದರ್ಧ, ವೈದಿಕ ಕರ್ಮಗಳನ್ನು ವಿಚಾರಿಸಿದ ಮೀಮಾಂಸಕರು ಮಾಡಿಟ್ಟ ವಿಭಾಗದಲ್ಲಿದೆ. ಸಂಧ್ಯಾವಂದನೆಯಂತೆ ದಿನವೂ ಮಾಡಲೇಬೇಕಾದದ್ದು ನಿತ್ಯಕರ್ಮ, ಗ್ರಹಣಸ್ನಾನದಂತೆ ಕಾರಣ ಬಿದ್ದಾಗ ಮಾಡುವುದು ನೈಮಿತ್ತಿಕ, ಪುತ್ರಕಾಮೇಷ್ಟಿಯಂತೆ ಫಲ ಬೇಕೆಂದು ಮಾಡುವುದು ಕಾಮ್ಯ. ತೂಕ ಇಳಿಯಲೆಂದು ಬರೆದ ಕಿರ್ದಿ ಕಾಮ್ಯವೆಂಬುದರಲ್ಲಿ ಯಾರದೂ ತಕರಾರಿಲ್ಲ. ಹಾಗಿದ್ದರೆ ಫಲ ಕೈಗೆ ಬಂದ ಮೇಲೆ? ನಾಲ್ವರು ಮಕ್ಕಳಾದ ಮೇಲೂ ದಶರಥ ದಿನ ಬೆಳಗಾದರೆ ಇಷ್ಟಿ ಮಾಡುತ್ತ ಕೂತಿದ್ದನೆಂದು ಯಾವ ರಾಮಾಯಣವೂ ಹೇಳುವುದಿಲ್ಲ. ಯಜ್ಞಕ್ಕೆ ಬತ್ತ ಕುಟ್ಟುವ ವಿಧಿಯನ್ನೂ ಮೀಮಾಂಸಕರು ಹೀಗೇ ಬಗೆಹರಿಸಿದರು: ಕುಟ್ಟುವುದರ ಫಲ ಕಣ್ಣಿಗೆ ಕಾಣುವಂಥದ್ದು, ಹೊಟ್ಟು ಹೋಗಿ ಅಕ್ಕಿ ಕಂಡಿತೋ ಒನಕೆ ಕೆಳಗಿಡಬೇಕು. ಆಮೇಲೂ ಕುಟ್ಟಿದರೆ ಸಿಗುವುದು ನುಚ್ಚು. ಹೊಟ್ಟಿಗೆ ಹೇಳಿದ್ದು ಹೊಟ್ಟೆಗೂ ಅನ್ವಯಿಸುತ್ತದೆಂದು ಸಾರಿ ಪ್ರಬಂಧವನ್ನು ಇಲ್ಲಿಗೇ ಮುಗಿಸಬಹುದಿತ್ತು.

ಎದುರು ವಾದ ಹೂಡುವ ಪೂರ್ವಪಕ್ಷಿ ಬಿಡಬೇಕಲ್ಲ. ಒಮ್ಮೆ ಹೋದ ಹೊಟ್ಟು ಅಕ್ಕಿಗೆ ಮತ್ತೆ ಅಂಟುವುದಿಲ್ಲ, ಹೊಟ್ಟೆ ಮಾತ್ರ ಅಂಟುತ್ತದೆ, ಎನ್ನುತ್ತಾನೆ. ಅವನ ಬಳಿ ಸಾಕ್ಷಿಯೂ ಬಲವಾಗಿದೆ. ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ಟಿವಿ ಸ್ಪರ್ಧೆಯಲ್ಲಿ ತಲಾ ಸರಾಸರಿ 58 ಕಿಲೊ ಇಳಿಸಿದ್ದ 14 ಮಂದಿಯನ್ನು ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು ಆರು ವರ್ಷಗಳ ನಂತರ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಾಸರಿ 41 ಕಿಲೊ ವಾಪಸು ಬಂದಿತ್ತು. ಸುಮ್ಮನೆ ಕೂತಾಗ ಅವರ ಮೈ ಸುಡುತ್ತಿದ್ದ ಶಕ್ತಿ, ಆ ಗಾತ್ರದ ಮೈ ಸುಡಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. ಆಸ್ಟ್ರೇಲಿಯಾದಲ್ಲಿ ಪ್ರಿಯಾ ಸುಮಿತ್ರನ್ ತಂಡ 2011ರಲ್ಲಿ ತೋರಿಸಿದಂತೆ, ತೂಕ ಇಳಿದಾಗ ಹಸಿವು ಹೆಚ್ಚುವಂತೆ ಬದಲಾದ ಹಾರ್ಮೋನುಗಳು ವರ್ಷವಾದರೂ ಮೊದಲಿನಂತಾಗುವುದಿಲ್ಲ. ಅಂದರೆ ಶರೀರವೆಂಬ ಶಾನುಭೋಗ ಹಳೆಯ ಬಾಕಿಯನ್ನು ಮರೆಯುವ ಪೈಕಿಯಲ್ಲ. ಅವನು ಒಳಗೆ ದಫ್ತರ ಇಟ್ಟಿರುವಾಗ ನಾವು ಹೊರಗೆ ಇಡದಿದ್ದರೆ ಹೇಗೆ? ಆದ್ದರಿಂದ ಕಿರ್ದಿ ನಿತ್ಯಕರ್ಮ, ಬಿಟ್ಟರೆ ಪ್ರತ್ಯವಾಯವೆಂಬ ದೋಷ ಎಂಬುದು ಪೂರ್ವಪಕ್ಷ. ಈ ಪಕ್ಷಕ್ಕೆ ಆದಿಪುರುಷನೂ ಉಂಟು. ಇಟಲಿಯ ಪಡುವಾದಲ್ಲಿ ವೈದ್ಯಶಾಸ್ತ್ರ ಬೋಧಿಸುತ್ತಿದ್ದ ಸಾಂತೋರಿಯೊ ಸಾಂತೋರಿಯೊ, ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲಿ ಕೂತು, ಉಂಡದ್ದನ್ನೂ ಕುಡಿದದ್ದನ್ನೂ ವಿಸರ್ಜಿಸಿದ್ದನ್ನೂ ಮೂವತ್ತು ವರ್ಷ ತೂಗಿ, 1614ರಲ್ಲಿ ಪುಸ್ತಕ ಬರೆದ. ಒಳಕ್ಕೆ ಹೋದ 8 ಪೌಂಡಿನಲ್ಲಿ 5 ಪೌಂಡು ಕಣ್ಣಿಗೆ ಕಾಣದ ಬೆವರಾಗಿ ಹೋಗುತ್ತದೆಂದು ಕಂಡುಹಿಡಿದ. ಗೊತ್ತುಮಾಡಿದಷ್ಟು ಉಂಡ ಕೂಡಲೇ ಕುರ್ಚಿ ಕೆಳಗಿಳಿದು ‘ಸಾಕು’ ಎನ್ನುವ ವ್ಯವಸ್ಥೆಯೂ ಇತ್ತು. ನಮ್ಮ ಮದುವೆಮನೆಗಳಲ್ಲಿ ಅಂಥ ಕುರ್ಚಿ ಹಾಕಿಸಿದರೆ ಮೊದಲ ಪಂಕ್ತಿ ಏಳುವುದರೊಳಗೆ ಬೀಗರ ಸಂಬಂಧ ಮುರಿಯುತ್ತದೆ, ಆ ಮಾತು ಬೇರೆ.

ಉತ್ತರಕ್ಕೆ ಮೊದಲು ಕಿರ್ದಿಯ ಪ್ರಾಮಾಣ್ಯವನ್ನೇ ವಿಚಾರಿಸೋಣ. ನಿತ್ಯಕರ್ಮವಾಗಲು ಹೊರಟ ಪುಸ್ತಕ ಕನಿಷ್ಠ ನಿಜ ಹೇಳಬೇಕು. ‘ನಾನು ತಿನ್ನೋದೇ ಇಲ್ಲ, ಆದರೂ ಇಳಿಯೋಲ್ಲ’ ಎನ್ನುತ್ತಿದ್ದವರನ್ನು ನ್ಯೂಯಾರ್ಕಿನಲ್ಲಿ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಬರೆದಿದ್ದರು, ಮೈ ಬಗ್ಗಿಸಿದ್ದನ್ನು ಶೇ. 51ರಷ್ಟು ಹೆಚ್ಚು ಬರೆದಿದ್ದರು. ಅವರು ಸುಳ್ಳುಗಾರರಲ್ಲ, ಮನುಷ್ಯರು. ಮನುಷ್ಯರನ್ನು ಬಿಟ್ಟು ಪೊಟ್ಟಣವನ್ನು ನಂಬೋಣವೆಂದರೆ, ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಶೇ. 20ರಷ್ಟು ಹೆಚ್ಚು ಕ್ಯಾಲೊರಿ ಒಳಗಿದ್ದರೂ ಅಮೆರಿಕದ ನಿಯಮ ಕಣ್ಣುಮುಚ್ಚಿಕೊಳ್ಳುತ್ತದೆ. ಬಾದಾಮಿಯ ಕಥೆ ಇನ್ನೂ ಸ್ವಾರಸ್ಯದ್ದು. 28 ಗ್ರಾಂ ಬಾದಾಮಿಗೆ 170 ಕ್ಯಾಲೊರಿ ಎಂದು ಎಲ್ಲರೂ ದಶಕಗಟ್ಟಲೆ ಬರೆದುಕೊಂಡು ಬಂದದ್ದಾಯಿತು. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಉಂಡವರ ಹಿತ್ತಲ ಲೆಕ್ಕವನ್ನೂ ಹಿಡಿದು ನೋಡಿದಾಗ ಮೈಗೆ ದಕ್ಕುವುದು 129 ಮಾತ್ರ ಎಂದು ತಿಳಿಯಿತು. ಮಿಕ್ಕದ್ದು ಸರಿಯಾಗಿ ಅಗಿಯದ ಹಲ್ಲಿನ ಕೃಪೆ. ಅಲ್ಲಿಯವರೆಗೆ ಬಾದಾಮಿ ಬಿಟ್ಟು ಸಂಕಟಪಟ್ಟ ಕೃಶೋತ್ತರರಿಗೆ ಪರಿಹಾರ ಕೊಡುವವರು ಯಾರು?

ಇವೆಲ್ಲ ಪರದೇಶದ ಮಾತೆಂದು ಪೂರ್ವಪಕ್ಷಿ ಮುಖ ತಿರುಗಿಸಿದರೆ ಬಿಸಿಬೇಳೆಭಾತಿಗೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ 528 ಪದಾರ್ಥಗಳಿವೆ. ಅಕ್ಕಿ ಉಂಟು, ತೊಗರಿಬೇಳೆ ಉಂಟು. ಅವೆರಡೂ ಹುಣಸೆರಸದಲ್ಲಿ ಕೂಡಿ, ಪುಡಿ ಬಿದ್ದು, ಒಗ್ಗರಣೆ ಸೇರಿ ಏನಾಗುತ್ತವೋ ಅದು ಕೋಷ್ಟಕದ ಕೈಗೆ ಸಿಗುವಂಥದ್ದಲ್ಲ. ಮೊಬೈಲಿನಲ್ಲಿ ಹುಡುಕಿದರೆ ‘ಬಿಸಿಬೇಳೆಭಾತ್ 1 ಬಟ್ಟಲು’ ಎಂಬ ಹೆಸರಿನ ಹಲವು ಸಾಲುಗಳು, ಒಂದೊಂದಕ್ಕೂ ಒಂದೊಂದು ಅಂಕಿ. ಆತ್ಮಸಾಕ್ಷಿಯುಳ್ಳವನು ನಡುವಿನದನ್ನು ಆರಿಸುತ್ತಾನೆ, ಉಳಿದವರು ಮೇಲಿನದನ್ನಂತೂ ಅಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ದೊಡ್ಡ ಪಾತ್ರೆಯಲ್ಲಿ ತುಪ್ಪ ಮೇಲೆ ತೇಲುತ್ತದೆ, ಗೋಡಂಬಿಯೂ ಅಲ್ಲೇ ಇರುತ್ತದೆ. ಮೊದಲ ಸೌಟು ಬಡಿಸಿಕೊಂಡವನಿಗೆ ತುಪ್ಪ, ಕೊನೆಯವನಿಗೆ ತಳ ಹಿಡಿದ ಬೇಳೆ. ಒಂದೇ ಪಾತ್ರೆ, ಒಂದೇ ಸೌಟು, ಒಂದೇ ಬಟ್ಟಲು, ಕ್ಯಾಲೊರಿ ಮಾತ್ರ ಪಂಕ್ತಿಯಲ್ಲಿ ಕೂತ ಜಾಗದ ಮೇಲೆ. ಅದರ ಮೇಲೆ ತುಪ್ಪದ ಮಿಳ್ಳೆ ಹಿಡಿದವರು ಬರುತ್ತಾರೆ. ಅನ್ನದ ನಡುವೆ ಕುಳಿ ಮಾಡಿಕೊಂಡರೆ ಹೆಚ್ಚು ಬೀಳುತ್ತದೆ, ಮಾಡಿಕೊಳ್ಳದಿದ್ದರೆ ಹರಿದುಹೋಯಿತೆಂದು ಮತ್ತೊಮ್ಮೆ ಬೀಳುತ್ತದೆ. 5 ಗ್ರಾಂ ತುಪ್ಪವೆಂದರೆ 45 ಕ್ಯಾಲೊರಿ, ಮೂರು ಸಲ ಮಿಳ್ಳೆ ಬಗ್ಗಿದರೆ 135. ಕಿರ್ದಿಯಲ್ಲಿ ಅದರ ನಮೂದು: ‘ತುಪ್ಪ, ಸ್ವಲ್ಪ’.

ಇಷ್ಟು ಅಪ್ರಮಾಣವಾದ ಪುಸ್ತಕವನ್ನು ಸುಟ್ಟುಬಿಡಿ ಎಂದು ತೀರ್ಪು ಕೊಡುವ ಸಿದ್ಧಾಂತಿ ಹೇಳುತ್ತಾನೆಂದು ನಿರೀಕ್ಷಿಸಿದವರಿಗೆ ನಿರಾಸೆ ಕಾದಿದೆ. ಏಕೆಂದರೆ ಈ ಸುಳ್ಳು ಪುಸ್ತಕ ಕೆಲಸ ಮಾಡುತ್ತದೆ! 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸುಮಾರು 1,700 ಮಂದಿಯನ್ನು ಆರು ತಿಂಗಳು ಗಮನಿಸಿದಾಗ, ದಿನವೂ ಬರೆದವರು ಬರೆಯದವರಿಗಿಂತ ಸುಮಾರು ಎರಡರಷ್ಟು ತೂಕ ಇಳಿಸಿದ್ದರು. ಸುಳ್ಳು ಲೆಕ್ಕದಿಂದ ನಿಜವಾದ ಫಲ ಹೇಗೆ? ನನ್ನ ಉತ್ತರ: ಕಿರ್ದಿ ತಿಂದದ್ದರ ದಾಖಲೆಯಲ್ಲ, ತಿನ್ನದೆ ಬಿಟ್ಟದ್ದಕ್ಕೆ ಕಾರಣ. ಡಬ್ಬದಿಂದ ಒಂದು ಚಕ್ಕುಲಿ ತೆಗೆಯುವ ಮೊದಲು ಫೋನು ಹುಡುಕಬೇಕು, ಕನ್ನಡಕ ಹಾಕಿಕೊಳ್ಳಬೇಕು, ಚಕ್ಕುಲಿ ಎಂದು ಟೈಪು ಮಾಡಬೇಕು, ಅದು ‘ಚಿಕನ್?’ ಎಂದು ಕೇಳುತ್ತದೆ, ಅಲ್ಲ ಎನ್ನಬೇಕು, ಆಮೇಲೆ ದೊಡ್ಡದೋ ಚಿಕ್ಕದೋ ಎಂದು ನಿರ್ಧರಿಸಬೇಕು. ಇಷ್ಟರಲ್ಲಿ ಸೋಮಾರಿತನ ಹಸಿವನ್ನು ಗೆದ್ದಿರುತ್ತದೆ. ಇದನ್ನು ಶಾಸ್ತ್ರೀಯವಾಗಿ ‘ಪೀಡಾಹೇತುವಾದ’ ಎಂದು ಕರೆಯೋಣ. ಕಿರ್ದಿಯ ಶಕ್ತಿ ಅದರ ಅಂಕಿಯಲ್ಲಿಲ್ಲ, ಅದು ಕೊಡುವ ಕಾಟದಲ್ಲಿದೆ. ಬಾಗಿಲಲ್ಲಿ ಕೂತ ಮುದಿ ಸಂಬಂಧಿ ‘ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ’ ಎಂದು ಕೇಳುತ್ತಾನೆಂದೇ ಎಷ್ಟೋ ಪ್ರಯಾಣಗಳು ರದ್ದಾಗುತ್ತವೆ. ಅವನಿಗೆ ಊರಿನ ಬಸ್ಸಿನ ವೇಳೆ ಗೊತ್ತಿರಬೇಕೆಂದೇನೂ ಇಲ್ಲ.

ಈ ವಾದ ಒಪ್ಪಿದವರು ಮುಂದಿನದನ್ನೂ ಒಪ್ಪಲೇಬೇಕು. ಕಾಟ ರೂಢಿಯಾದರೆ ಕಾಟವಾಗಿ ಉಳಿಯುವುದಿಲ್ಲ. ಎರಡನೆಯ ವರ್ಷದ ಕೃಶೋತ್ತರ ಇಡೀ ದಿನದ ಊಟವನ್ನು ರಾತ್ರಿ ಹಾಸಿಗೆಯಲ್ಲಿ ಮಲಗಿ, ಒಂದು ಕಣ್ಣು ಮುಚ್ಚಿ, ‘ನಿನ್ನೆಯಂತೆಯೇ’ ಎಂಬ ಗುಂಡಿ ಒತ್ತಿ ಮುಗಿಸುತ್ತಾನೆ. ನಿನ್ನೆಯದು ಮೊನ್ನೆಯಂತೆ, ಮೊನ್ನೆಯದು ಯುಗಾದಿಯಿಂದೀಚೆಗೆ ಹಾಗೇ ಇದೆ. ತಟ್ಟೆಯ ಫೋಟೊ ತೆಗೆದರೆ ಸಾಕು, ಪೊಟ್ಟಣದ ಗೆರೆ ತೋರಿಸಿದರೆ ಸಾಕು ಎಂದು ಕಿರ್ದಿಯನ್ನು ಸುಲಭ ಮಾಡಿದಷ್ಟೂ ಅದರ ದ್ವಾರಪಾಲಕತ್ವ ಹೋಗುತ್ತದೆ. ಉಳಿಯುವುದು ವ್ರತಭಂಗದ ಭಯ: ಇಷ್ಟು ದಿನ ಸತತ ಬರೆದಿದ್ದೀರಿ, ಇಂದು ಯಾಕಿಲ್ಲ ಎಂದು ಫೋನು ರಾತ್ರಿ ಹತ್ತಕ್ಕೆ ಮುನಿಸಿಕೊಳ್ಳುತ್ತದೆ. ನಿಜವನ್ನೂ ಹೇಳದ, ತಡೆಯನ್ನೂ ಹಾಕದ ಪುಸ್ತಕವನ್ನು ನಿತ್ಯಕರ್ಮವಾಗಿ ಇಟ್ಟುಕೊಳ್ಳುವುದೆಂದರೆ ಅಕ್ಕಿ ಕಂಡ ಮೇಲೂ ಒರಳಿನ ಮುಂದೆ ಕೂತಂತೆ.

‘ಹಾಗಾದರೆ ಉಳಿಸಿಕೊಂಡವರು ಹೇಗೆ ಉಳಿಸಿಕೊಂಡರು?’ ಎಂದು ಪೂರ್ವಪಕ್ಷಿ ಕೊನೆಯ ಅಸ್ತ್ರ ಬಿಡುತ್ತಾನೆ. ಸಂಶೋಧಕರಾದ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ 1994ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ತೂಕ ನಿಯಂತ್ರಣದ ರಾಷ್ಟ್ರೀಯ ದಾಖಲಾತಿಯಲ್ಲಿ, ಕನಿಷ್ಠ 13.6 ಕಿಲೊ ಇಳಿಸಿ ವರ್ಷವಾದರೂ ಏರದಂತೆ ನೋಡಿಕೊಂಡವರಿಗೆ ಮಾತ್ರ ಪ್ರವೇಶ. ಗೆದ್ದವರನ್ನು ಮಾತ್ರ ಕೇಳಿದರೆ ಸೋತವರೂ ಅದನ್ನೇ ಮಾಡಿದ್ದರೋ ಎಂಬುದು ತಿಳಿಯುವುದಿಲ್ಲ. ಲಾಟರಿ ಹೊಡೆದವರೆಲ್ಲ ಟಿಕೆಟು ಕೊಂಡಿದ್ದರು ಎನ್ನುವಷ್ಟೇ ಬೆಲೆ ಅದಕ್ಕೆ. ಆದರೂ ಅವರ ಮಾತು ಕೇಳಿ: ನಾಲ್ವರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಗಿಕೊಳ್ಳುತ್ತಾರೆ. ತೂಗುವುದು ತಮ್ಮನ್ನು, ತುತ್ತನ್ನಲ್ಲ. ಈ ಸುಳಿವು ಹಿಡಿದು ವಿಂಗ್ ತಂಡ, ಮೈತೂಕದ ಹತ್ತನೆಯ ಒಂದು ಭಾಗವನ್ನಾದರೂ ಇಳಿಸಿದ್ದ 314 ಮಂದಿಯ ಮೇಲೆ ಪ್ರಯೋಗ ನಡೆಸಿ 2006ರಲ್ಲಿ ಪ್ರಕಟಿಸಿತು. ದಿನವೂ ತಕ್ಕಡಿ ಹತ್ತು, ಸುಮಾರು ಒಂದೂವರೆ ಕಿಲೊ ಏರುವವರೆಗೆ ಹಸಿರು, ಅಲ್ಲಿಂದಾಚೆ ಹಳದಿ, 2.3 ಕಿಲೊ ದಾಟಿದರೆ ಕೆಂಪು. ಕೆಂಪಾದರೆ ಮತ್ತೆ ಮೊದಲಿನ ಕಟ್ಟುನಿಟ್ಟು. ಹದಿನೆಂಟು ತಿಂಗಳಲ್ಲಿ ಬರೀ ವಾರ್ತಾಪತ್ರ ಓದಿಕೊಂಡಿದ್ದವರ ಪೈಕಿ ಶೇ. 72ರಷ್ಟು ಮಂದಿ ಆ ಕೆಂಪಿನಷ್ಟು ತೂಕ ಮತ್ತೆ ಏರಿಸಿಕೊಂಡಿದ್ದರು. ಎದುರು ಕೂತು ಈ ಪದ್ಧತಿ ಕಲಿತವರಲ್ಲಿ ಶೇ. 46. ಎಲ್ಲರೂ ಗೆಲ್ಲಲಿಲ್ಲ, ಆದರೆ ವ್ಯತ್ಯಾಸ ಸಣ್ಣದಲ್ಲ. ಮೀಮಾಂಸೆಯ ಭಾಷೆಯಲ್ಲಿ ಇದಕ್ಕಿಂತ ಶುದ್ಧ ವ್ಯವಸ್ಥೆ ಸಿಗಲಾರದು: ತಕ್ಕಡಿ ನಿತ್ಯ, ಕಿರ್ದಿ ನೈಮಿತ್ತಿಕ, ಎರಡು ಚಿಲ್ಲರೆ ಕಿಲೊ ನಿಮಿತ್ತ. ತಕ್ಕಡಿಗೆ ಮಿಳ್ಳೆ ಎಷ್ಟು ಬಗ್ಗಿತೆಂದು ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ನಿಮಿತ್ತ ಬಿದ್ದಾಗ ನಾಲ್ಕು ವಾರ ಮತ್ತೆ ಕಿರ್ದಿ ತೆರೆದರೆ ಕಾಟ ಹೊಸದಾಗಿರುತ್ತದೆ, ಆದ್ದರಿಂದ ಫಲವೂ. ಒಂದೇ ಒಂದು ಎಚ್ಚರಿಕೆ: ಹಬ್ಬದ ಮರುದಿನ ಉಪ್ಪು ಹಿಡಿದಿಟ್ಟ ನೀರೇ ಒಂದು ಕಿಲೊ ತೋರಿಸೀತು, ಒಂದು ಬೆಳಗಿನ ಅಂಕಿ ನಿಮಿತ್ತವಾಗದು, ವಾರದ ಸರಾಸರಿ ಆದೀತು. ಸಾಂತೋರಿಯೊ ಪೂರ್ವಪಕ್ಷದ ಆದಿಪುರುಷ ಎಂದೆವಲ್ಲ, ಅವನು ತಕ್ಕಡಿಗೆ ಹಾಕಿದ್ದು ಬರೀ ಬ್ರೆಡ್ಡನ್ನಲ್ಲ, ಮೂವತ್ತು ವರ್ಷ ತಾನೇ ಹತ್ತಿ ಕೂತ. ಅವನನ್ನು ನಮ್ಮ ಕಡೆಗೆ ಬರೆದುಕೊಳ್ಳತಕ್ಕದ್ದು.

ಅನ್ನ ದೇವರು, ಎಣಿಸಿದರೆ ಅಪಚಾರ ಎನ್ನುವ ಇನ್ನೊಂದು ಗುಂಪಿದೆ. ಅವರಿಗೆ ಹೆಚ್ಚು ಜಾಗ ಕೊಡಲಾರೆ. ಪಾವು, ಸೇರು, ಚಟಾಕು ಇಲ್ಲದೆ ಅವರ ಅಜ್ಜಿಯರು ಅಕ್ಕಿ ಡಬ್ಬಕ್ಕೆ ಕೈ ಹಾಕಿದವರಲ್ಲ. ಒಪ್ಪೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆಯೂ ಎಣಿಕೆಯೇ. ಕ್ಯಾಲೊರಿ ಬಿಟ್ಟು ಹೊತ್ತು ಎಣಿಸಿದೆ, ಅಷ್ಟೆ. ನಾಲ್ಕನೆಯ ಹೊತ್ತಿನವನನ್ನು ಹೊತ್ತುಕೊಂಡು ಹೋಗಿ ಎನ್ನುವಾಗ ಅದಕ್ಕೆ ತೂಕದ ಅಂದಾಜೂ ಇತ್ತೆಂದು ಕಾಣುತ್ತದೆ. ಅಣಕವನ್ನು ಬದಿಗಿಟ್ಟು ಹೇಳಬೇಕಾದ ಅಪವಾದ ಬೇರೆಯಿದೆ. ಯಾರಿಗೆ ಅಂಕಿ ಕಂಡೊಡನೆ ಊಟ ಸೇರುವುದಿಲ್ಲವೋ, ತಿಂದದ್ದಕ್ಕೆ ಶಿಕ್ಷೆ ಕೊಟ್ಟುಕೊಳ್ಳುವ ಮನಸ್ಸಾಗುತ್ತದೋ, ಅವರಿಗೆ ಕಿರ್ದಿಯೂ ಬೇಡ, ದಿನದ ತಕ್ಕಡಿಯೂ ಬೇಡ. ಅವರು ಹೋಗಬೇಕಾದದ್ದು ವೈದ್ಯರ ಬಳಿಗೆ, ಮೀಮಾಂಸಕರ ಬಳಿಗಲ್ಲ.

ಉಳಿದಿರುವುದು ಒಂದೇ ಕ್ಲಿಷ್ಟ ಪ್ರಶ್ನೆ. ನೈಮಿತ್ತಿಕ ಕಿರ್ದಿ ತೆರೆದಿರುವ ನಾಲ್ಕು ವಾರದೊಳಗೇ ಮದುವೆಯೊಂದು ಬಂತೆನ್ನಿ. ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಬೆರಳಸಂದಿಯಿಂದಲೇ ಹೋಳಿಗೆ ಜಾರಿಸಿ, ‘ಇದೊಂದು ನನ್ನ ಲೆಕ್ಕಕ್ಕೆ’ ಎಂದು ಬಡಿಸುವವರು ಮುಂದೆ ಹೋಗಿಬಿಟ್ಟರೆ ಆ ಹೋಳಿಗೆಯನ್ನು ಯಾರ ಖಾತೆಗೆ ಹಾಕಬೇಕು? ಬಾಯಿಮಾತಿನ ಪ್ರಕಾರ ಬಡಿಸಿದವರ ಖಾತೆಗೆ. ಆದರೆ ಶಾಸ್ತ್ರ ಸ್ಪಷ್ಟವಾಗಿದೆ: ತುಪ್ಪ ಹೊಯ್ಯುವ ಋತ್ವಿಜನಿಗೆ ದಕ್ಷಿಣೆ ಮಾತ್ರ, ಯಾಗದ ಫಲವೆಲ್ಲ ಯಜಮಾನನಿಗೆ. ಮದುವೆಮನೆಯಲ್ಲಿ ಯಜಮಾನನೆಂದರೆ ಹುಡುಗಿಯ ಅಪ್ಪ. ಆದ್ದರಿಂದ ಆ ದಿನ ಉಂಡ ಅಷ್ಟೂ ಕ್ಯಾಲೊರಿ ನ್ಯಾಯವಾಗಿ ಅವರ ಮೈಗೆ ಸೇರತಕ್ಕದ್ದು ಎಂದು ಸಿದ್ಧವಾಗುತ್ತದೆ. ಮರುದಿನ ಬೆಳಗ್ಗೆ ತಕ್ಕಡಿ ಇದಕ್ಕೆ ವಿರುದ್ಧವಾದ ಅಂಕಿ ತೋರಿಸಿದರೆ, ಅದು ಪೂರ್ವಮೀಮಾಂಸೆ ಓದಿಲ್ಲವೆಂದು ತಿಳಿಯಬೇಕು.