‘ನನ್ನನ್ನು ಪಕ್ಷಾಂತರಿ ಅನ್ನಬೇಡಿ’: ಸೂರ್ಯಕಾಂತಿಯ ಸಂದರ್ಶನ

ಅಧಿಕಾರ ಎತ್ತ ಹೊರಳಿತೋ ಅತ್ತ ಮುಖ ಮಾಡುವವರನ್ನು ಸೂರ್ಯಕಾಂತಿ ಎಂದು ಹಂಗಿಸುವುದು ಭಾಷಣಕಾರರಿಗೆ ಸಲೀಸು. ಭಾವಗೀತೆ ಬರೆಯುವವರಿಗೆ ಅದೇ ಹೂವು ಏಕನಿಷ್ಠೆಯ ಮಾದರಿ. ಒಂದೇ ಗಿಡ ಅವಕಾಶವಾದಿಯೂ ಹೌದು, ಪತಿವ್ರತೆಯೂ ಹೌದು ಎಂದಾದರೆ ಎರಡರಲ್ಲೊಂದು ಸುಳ್ಳಿರಬೇಕು. ಎರಡೂ ಸುಳ್ಳು ಎಂಬುದು ಗಿಡದ ವಾದ. ತನ್ನ ಚಲನೆಗೆ ಭಕ್ತಿಯ ಹೆಸರನ್ನೋ ದ್ರೋಹದ ಹೆಸರನ್ನೋ ಕೊಡುವವರು ಯಾರೂ ತನ್ನ ದಂಟನ್ನು ಅಳೆದು ನೋಡಿಲ್ಲ ಎಂದು ಅದರ ಆಕ್ಷೇಪ. ಮೈಸೂರು–ಊಟಿ ರಸ್ತೆಯಲ್ಲಿ, ಗುಂಡ್ಲುಪೇಟೆ ಸುತ್ತಿನ ಹೊಲವೊಂದರಲ್ಲಿ ಪೂರ್ತಿ ಅರಳಿ ನಿಂತ ಸೂರ್ಯಕಾಂತಿಯೊಂದು ಸಂದರ್ಶನಕ್ಕೆ ಒಪ್ಪಿತು. ಸೆಲ್ಫಿ ತೆಗೆಯಕೂಡದು ಎಂಬುದೊಂದೇ ಷರತ್ತು.

ಪ್ರಶ್ನೆ: ದಿನವಿಡೀ ಸೂರ್ಯ ಹೋದತ್ತ ನೀವು ಮುಖ ತಿರುಗಿಸುತ್ತೀರಿ ಎನ್ನುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಅದನ್ನೂ ಅಲ್ಲಗಳೆಯುತ್ತೀರಾ?

ಸೂರ್ಯಕಾಂತಿ: ಈಗ ಸಂಜೆ ನಾಲ್ಕು ಗಂಟೆ. ಸೂರ್ಯ ಪಶ್ಚಿಮಕ್ಕಿದ್ದಾನೆ. ನನ್ನ ಮುಖ ಎತ್ತ ಇದೆ, ನೀವೇ ನೋಡಿ. ಪೂರ್ವಕ್ಕೆ! ನಾನೊಬ್ಬಳೇ ಅಲ್ಲ, ಇಡೀ ಹೊಲ ನಿಮ್ಮ ಸೂರ್ಯನಿಗೆ ಬೆನ್ನು ಹಾಕಿ ನಿಂತಿದೆ. ಊಟಿಯಿಂದ ಹಿಂತಿರುಗುವ ಪ್ರವಾಸಿಗರು ಈ ಹೊತ್ತಿಗೆ ಕಾರು ನಿಲ್ಲಿಸಿ, ಹೂವೆಲ್ಲ ಆ ಕಡೆ ತಿರುಗಿಬಿಟ್ಟಿವೆಯಲ್ಲ ಎಂದು ಗೊಣಗುವುದನ್ನು ದಿನಾ ಕೇಳುತ್ತೇನೆ. ಅರಳಿದ ಸೂರ್ಯಕಾಂತಿ ಸೂರ್ಯನನ್ನು ಹಿಂಬಾಲಿಸುವುದಿಲ್ಲ. ಹಿಂಬಾಲಿಸುವುದು ಮೊಗ್ಗು ಹೊತ್ತ ಎಳೆಯ ಗಿಡಗಳು. ಅವೂ ‘ತಿರುಗುವುದು’ ಎಂದರೆ ಕೀಲು ಕೊಟ್ಟ ಬಾಗಿಲಿನಂತೆ ತಿರುಗುವುದಲ್ಲ. ನಮ್ಮ ದಂಟಿನಲ್ಲಿ ಕೀಲಿಲ್ಲ. ಹಗಲು ದಂಟಿನ ಪೂರ್ವದ ಬದಿ ಹೆಚ್ಚು ಉದ್ದವಾಗುತ್ತದೆ, ತಲೆ ಪಶ್ಚಿಮಕ್ಕೆ ವಾಲುತ್ತದೆ. ರಾತ್ರಿ ಪಶ್ಚಿಮದ ಬದಿ ಉದ್ದವಾಗುತ್ತದೆ, ತಲೆ ಪೂರ್ವಕ್ಕೆ ಮರಳುತ್ತದೆ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೇಸಿ ಹಾರ್ಮರ್ ಅವರ ತಂಡ ದಂಟಿನ ಎರಡೂ ಬದಿಗೆ ಶಾಯಿಯ ಚುಕ್ಕಿ ಇಟ್ಟು, ಹೊತ್ತುಹೊತ್ತಿಗೆ ಚಿತ್ರ ತೆಗೆದು, ಚುಕ್ಕಿಗಳ ನಡುವಿನ ಅಂತರ ಯಾವಾಗ ಯಾವ ಬದಿಯಲ್ಲಿ ಹಿಗ್ಗುತ್ತದೆ ಎಂದು ಅಳೆದು 2016ರಲ್ಲಿ ಪ್ರಕಟಿಸಿತು. ದಂಟು ಉದ್ದವಾಗಲು ಬೇಕಾದ ಜಿಬ್ಬರೆಲಿನ್ ಹಾರ್ಮೋನಿನ ಕೊರತೆಯಿರುವ ಕುಳ್ಳ ಗಿಡಗಳಿಗೆ ಸೂರ್ಯನನ್ನು ಹಿಂಬಾಲಿಸಲು ಬರುವುದಿಲ್ಲ ಎಂಬುದೂ ಅಲ್ಲೇ ಕಂಡಿತು. ಇಷ್ಟಾದ ಮೇಲೆ ನಾನು ತಿರುಗಿದೆ ಅನ್ನುತ್ತೀರೋ, ಬೆಳೆದೆ ಅನ್ನುತ್ತೀರೋ?

ಪ್ರಶ್ನೆ: ಬೆಳವಣಿಗೆಯೇ ಇರಲಿ. ಆದರೆ ಸೆಳೆಯುವುದು ಬೆಳಕೇ ತಾನೇ? ಆಕರ್ಷಣೆ ಇದ್ದಲ್ಲಿ ಅನುರಾಗವೂ ಇರುತ್ತದೆ ಎಂದು ಕವಿಗಳು ಹೇಳಿದರೆ ತಪ್ಪೇನು?

ಸೂರ್ಯಕಾಂತಿ: ಕವಿಗಳ ಮಾತಿಗೆ ಬಂದರೆ ನನ್ನ ದೂರು ಹಳೆಯದು. ಸೂರ್ಯನ ಮೇಲಿನ ಪ್ರೀತಿಯಲ್ಲಿ ಸೊರಗಿ ಹೂವಾದ ಕ್ಲೈಟಿ ಎಂಬ ಅಪ್ಸರೆಯ ಕಥೆಯನ್ನು ರೋಮಿನ ಓವಿಡ್ ಬರೆದ. ಚಿತ್ರಕಾರರು ಅವಳ ಕೈಗೆ ನನ್ನನ್ನು ಕೊಟ್ಟರು. ಓವಿಡ್ ಬದುಕಿದ್ದಾಗ ನನ್ನ ವಂಶ ಅಟ್ಲಾಂಟಿಕ್ ಸಾಗರದ ಆಚೆ, ಉತ್ತರ ಅಮೆರಿಕದಲ್ಲಿತ್ತು; ಯುರೋಪಿಗೆ ಬಂದದ್ದು 16ನೇ ಶತಮಾನದಲ್ಲಿ. ನೋಡಿಯೇ ಇರದವಳ ಮೇಲೆ ಪ್ರೇಮಪ್ರಕರಣ ದಾಖಲಿಸಿದ ಹಾಗಾಯಿತು. 17ನೇ ಶತಮಾನದ ಅಥನಾಸಿಯಸ್ ಕಿರ್ಚರ್ ಎಂಬ ಪಾದ್ರಿ ಇನ್ನೂ ಮುಂದೆ ಹೋಗಿ, ಸೂರ್ಯ ನನ್ನನ್ನು ಅಯಸ್ಕಾಂತದಂತೆ ಎಳೆಯುತ್ತಾನೆ ಎಂದು ನನ್ನನ್ನು ನೀರಿನ ಮೇಲೆ ತೇಲಿಬಿಟ್ಟು ಗಡಿಯಾರ ಮಾಡಲು ಹೊರಟ. ಗಡಿಯಾರ ನನ್ನಲ್ಲಿ ನಿಜಕ್ಕೂ ಇದೆ, ಆ ಮಾತಿಗೆ ಆಮೇಲೆ ಬರುತ್ತೇನೆ. ಅವನು ಹುಡುಕಿದ ಜಾಗ ತಪ್ಪು.

ಬೆಳಕು ಎಳೆಯುತ್ತದೆ ಎಂಬ ನಂಬಿಕೆ ಮುರಿದದ್ದು ಹುಲ್ಲಿನ ಮೊಳಕೆಗಳಿಂದ. ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜೊತೆ ಸೇರಿ, ಮೊಳಕೆಯ ತುದಿಗೆ ಬೆಳಕು ತೂರದ ಟೋಪಿ ಹಾಕಿ ಒಂದು ಬದಿಯಿಂದ ಬೆಳಕು ಬಿಟ್ಟ. ಮೊಳಕೆ ಬಾಗಲಿಲ್ಲ. ತುದಿ ಬಿಟ್ಟು ಬುಡ ಮುಚ್ಚಿದಾಗ ಬಾಗಿತು. ಬೆಳಕು ತಾನೇ ಎಳೆಯುವುದಾದರೆ ಬಾಗುವ ಜಾಗಕ್ಕೇ ಬೆಳಕು ಬೀಳಬೇಕಿತ್ತು. ಬೆಳಕನ್ನು ಗ್ರಹಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ, ನಡುವೆ ಯಾವುದೋ ಸುದ್ದಿ ಇಳಿಯುತ್ತದೆ ಎಂದು ತಂದೆ-ಮಗ 1880ರಲ್ಲಿ ಬರೆದರು. ಜರ್ಮನಿಯ ದೊಡ್ಡ ಸಸ್ಯಶಾಸ್ತ್ರಜ್ಞ ಜೂಲಿಯಸ್ ಸಾಕ್ಸ್ ಅದನ್ನು ಹಳ್ಳಿಮನೆಯ ಹವ್ಯಾಸಿಗಳ ಕೆಲಸವೆಂದು ಲೆಕ್ಕಕ್ಕಿಡಲಿಲ್ಲ. ದೊಡ್ಡ ಸಂಸ್ಥೆಯಲ್ಲಿ ಕೂತವರಿಗೆ ಹಿತ್ತಲಿನ ಸತ್ಯ ಕಾಣುವುದು ತಡ. 1928ರಲ್ಲಿ ನೆದರ್‌ಲೆಂಡ್ಸಿನ ಫ್ರಿಟ್ಸ್ ವೆಂಟ್ ಆ ಸುದ್ದಿಯನ್ನು ಕೈಗೇ ಸಿಗುವಂತೆ ಮಾಡಿದ. ಓಟ್ಸ್ ಮೊಳಕೆಯ ತುದಿ ಕತ್ತರಿಸಿ ಅಗರ್ ತುಂಡಿನ ಮೇಲಿಟ್ಟ; ತುದಿಯೊಳಗಿನ ವಸ್ತು ಅಗರಿಗೆ ಇಳಿಯಿತು. ಆ ಅಗರನ್ನು ತುದಿಯಿಲ್ಲದ ಮೊಳಕೆಯ ಒಂದು ಪಕ್ಕಕ್ಕೆ ಕೂರಿಸಿದರೆ ಕತ್ತಲೆಯಲ್ಲೇ ಮೊಳಕೆ ಇನ್ನೊಂದು ಪಕ್ಕಕ್ಕೆ ಬಾಗಿತು. ಬೆಳಕೇ ಇಲ್ಲ, ಆದರೂ ಬಾಗು! ಆ ವಸ್ತುವೇ ಆಕ್ಸಿನ್. ನೀಲಿ ಬೆಳಕನ್ನು ಫೋಟೋಟ್ರೋಪಿನ್ ಎಂಬ ಪ್ರೋಟೀನು ಹಿಡಿಯುತ್ತದೆ, ಆಕ್ಸಿನ್ ನೆರಳಿನ ಬದಿಗೆ ಸರಿಯುತ್ತದೆ, ಅಲ್ಲಿನ ಕೋಶಗಳ ಗೋಡೆ ಸಡಿಲವಾಗಿ ಕೋಶಗಳು ಹಿಗ್ಗುತ್ತವೆ. ಅಂದರೆ ಮೊಳಕೆ ಬೆಳಕಿನತ್ತ ಬಾಗುವಾಗ ದುಡಿಯುವುದು ಕತ್ತಲೆಯ ಬದಿ. ಇದರಲ್ಲಿ ಅನುರಾಗ ಎಲ್ಲಿ ಹುಡುಕುತ್ತೀರಿ?

ಪ್ರಶ್ನೆ: ಅನುರಾಗವಿಲ್ಲ ಎಂದು ಒಪ್ಪಿದರೆ ನಿಮ್ಮ ಮೇಲಿನ ಇನ್ನೊಂದು ಆರೋಪ ಗಟ್ಟಿಯಾಗುತ್ತದೆ. ರಾತ್ರಿ ಸೂರ್ಯನಿಲ್ಲ. ಆದರೂ ಬೆಳಗಾಗುವ ಮುಂಚೆಯೇ ಪೂರ್ವಕ್ಕೆ ಮುಖ ಮಾಡಿ ನಿಂತಿರುತ್ತೀರಿ. ನಾಳೆ ಯಾರು ಉದಯಿಸುತ್ತಾರೆ ಎಂದು ಹಿಂದಿನ ರಾತ್ರಿಯೇ ತಿಳಿದು ಅತ್ತ ಜಾಗ ಹಿಡಿಯುವುದು ನಮ್ಮ ಶಾಸಕರಿಗೂ ಗೊತ್ತಿರುವ ವಿದ್ಯೆ.

ಸೂರ್ಯಕಾಂತಿ: ಅವರು ರೆಸಾರ್ಟಿಗೆ ಹೋಗಿ ಮಾಡುವುದನ್ನು ನಾನು ನಿಂತಲ್ಲೇ ಮಾಡುತ್ತೇನೆ, ಅದೂ ಬಸ್ಸಿಲ್ಲದೆ. ತಮಾಷೆ ಬಿಡಿ, ನಿಮ್ಮ ಪ್ರಶ್ನೆ ಗಟ್ಟಿಯಾದದ್ದೇ. ರಾತ್ರಿಯ ಚಲನೆ ನನ್ನ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಸೂರ್ಯನನ್ನು ನೋಡಿ ತಿರುಗುವುದಾಗಿದ್ದರೆ ಕತ್ತಲಾದ ಮೇಲೆ ಪಶ್ಚಿಮಕ್ಕೇ ಜೋತು ಬಿದ್ದಿರಬೇಕಿತ್ತು. ಹಾರ್ಮರ್ ತಂಡ ಎಳೆಯ ಗಿಡಗಳನ್ನು ಹೊಲದಿಂದ ಕೋಣೆಯೊಳಕ್ಕೆ ತಂದು, ಅಲುಗಾಡದ ದೀಪವನ್ನು ನೆತ್ತಿಯ ಮೇಲಿಟ್ಟಿತು. ಗಿಡಗಳು ಕೆಲವು ದಿನ ಹಿಂದಿನಂತೆಯೇ ಪೂರ್ವ-ಪಶ್ಚಿಮ ತೂಗುತ್ತಲೇ ಇದ್ದವು. ಸರದಿಯಂತೆ ಹೊತ್ತುವ ದೀಪಗಳಿಂದ 24 ಗಂಟೆಯ ಕೃತಕ ದಿನ ಮಾಡಿದಾಗ ಸರಿಯಾಗಿ ಹಿಂಬಾಲಿಸಿದ ಗಿಡಗಳು, ದಿನವನ್ನು 30 ಗಂಟೆಗೆ ಹಿಗ್ಗಿಸಿದಾಗ ತಾಳ ತಪ್ಪಿದವು. ದೀಪವೇ ಯಜಮಾನನಾಗಿದ್ದರೆ ದಿನ ಎಷ್ಟು ಗಂಟೆಯದಾದರೇನು? ಒಳಗೊಂದು ಗಡಿಯಾರವಿದೆ, ಅದು ಭೂಮಿಯ ದಿನಕ್ಕೆ ಕಟ್ಟಿದ್ದು. ಕಿರ್ಚರ್ ಪಾದ್ರಿ ನೀರಿನ ಮೇಲೆ ತೇಲಿಸಿದ್ದು ಅದನ್ನೇ, ಪಾಪ, ಅವನಿಗೆ ತಿಳಿಯಲಿಲ್ಲ. ನಿಮ್ಮ ಶಾಸಕರ ಗಡಿಯಾರವಾದರೋ ದಿನಕ್ಕೆಷ್ಟು ಗಂಟೆ ಎಂದು ಪ್ರತಿ ಅಧಿವೇಶನಕ್ಕೂ ಹೊಸದಾಗಿ ಕೇಳಬೇಕಾಗುತ್ತದೆ.

ಪ್ರಶ್ನೆ: ಎಲ್ಲವೂ ಗಡಿಯಾರದ್ದೇ ಆದರೆ ಬೆಳಕಿನ ಪಾತ್ರವೇ ಇಲ್ಲವೆಂದಾಯಿತು. ಡಾರ್ವಿನ್ ಕಥೆ ಹೇಳಿದ್ದು ಯಾಕೆ?

ಸೂರ್ಯಕಾಂತಿ: ಒಂದನ್ನು ಒಪ್ಪಿದ ಕೂಡಲೇ ಇನ್ನೊಂದನ್ನು ಹೊರಗೆ ಹಾಕುವುದು ಟಿವಿ ಚರ್ಚೆಯ ಚಟ. ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕೇ. ಆದರೆ ಮೊಳಕೆಯ ಬಾಗು ಮತ್ತು ಹೊಲದ ಹಿಂಬಾಲಿಕೆ ಒಂದೇ ಯಂತ್ರದ ಕೆಲಸವೆಂದು ಬಹುಕಾಲ ಎಲ್ಲರೂ ತಿಳಿದಿದ್ದರು. 2023ರಲ್ಲಿ ಹಾರ್ಮರ್ ತಂಡವೇ ಕೋಣೆಯಲ್ಲಿ ನೀಲಿ ಬೆಳಕಿಗೆ ಬಾಗುವ ಸೂರ್ಯಕಾಂತಿಯನ್ನೂ ಬಯಲಲ್ಲಿ ಸೂರ್ಯನನ್ನು ಹಿಂಬಾಲಿಸುವ ಸೂರ್ಯಕಾಂತಿಯನ್ನೂ ಹೋಲಿಸಿ ನೋಡಿತು. ದಂಟಿನಲ್ಲಿ ಎಚ್ಚರಗೊಂಡ ಜೀನ್‌ಗಳು ಬೇರೆಬೇರೆಯಾಗಿದ್ದವು. ಬಯಲಿನ ಗಿಡಕ್ಕೆ ನೀಲಿ ಬೆಳಕು ತಡೆದರೂ ಅದು ಹಿಂಬಾಲಿಸಿತು. ಕಿಟಕಿ ಪಕ್ಕದ ಕುಂಡದಲ್ಲಿ ಕಂಡದ್ದನ್ನು ಇಡೀ ಬಯಲಿಗೆ ಅನ್ವಯಿಸಿದವರೆಲ್ಲ ಪಠ್ಯಪುಸ್ತಕದ ಆ ಪುಟವನ್ನು ಇನ್ನೊಮ್ಮೆ ಬರೆಯಬೇಕು. ನನ್ನ ವಾದಕ್ಕೆ ಇದರಿಂದ ಪೆಟ್ಟಿಲ್ಲ: ಯಂತ್ರ ಯಾವುದೇ ಇರಲಿ, ಎರಡರಲ್ಲೂ ದಂಟಿನ ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಬೆಳೆಯಲೇಬೇಕು.

ಪ್ರಶ್ನೆ: ಹಿಂಬಾಲಿಸುವುದರಿಂದ ಲಾಭವಿದೆಯೋ ಇಲ್ಲವೋ? ಲಾಭಕ್ಕಾಗಿ ಮಾಡಿದ್ದನ್ನು ಅವಕಾಶವಾದ ಎನ್ನದೆ ಏನೆನ್ನಬೇಕು?

ಸೂರ್ಯಕಾಂತಿ: ಲಾಭ ಇಲ್ಲದೆ ಏನು! ಗಿಡವನ್ನು ಅಲುಗದಂತೆ ಕೋಲಿಗೆ ಕಟ್ಟಿದಾಗಲೂ, ಬೆಳಿಗ್ಗೆ ಪಶ್ಚಿಮ ನೋಡುವಂತೆ ಕುಂಡ ತಿರುಗಿಸಿಟ್ಟಾಗಲೂ ಬೆಳವಣಿಗೆ ಕುಗ್ಗಿತು. ಎಲೆಯ ಹರವಿನಲ್ಲಿ ಸುಮಾರು ಶೇಕಡಾ 10ರಷ್ಟು ಖೋತಾ. ಆದರೆ ಅವಕಾಶವಾದಿಯ ಲಕ್ಷಣ ಲಾಭವಲ್ಲ, ಕೊನೆಯಿಲ್ಲದ ಹೊರಳಾಟ. ನನಗೆ ಕೊನೆಯಿದೆ. ಅರಳುವ ಹೊತ್ತಿಗೆ ದಂಟಿನ ಬೆಳವಣಿಗೆ ನಿಧಾನವಾಗುತ್ತದೆ, ಬೆಳಗಿನ ಬೆಳಕಿಗೆ ಓಗೊಡುವುದು ಹೆಚ್ಚು, ಸಂಜೆಯದಕ್ಕೆ ಕಡಿಮೆ. ಹಾಗಾಗಿ ತಲೆ ಪೂರ್ವಕ್ಕೆ ನೆಲೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಸೂರ್ಯ ಎತ್ತ ಹೋದರೂ ಕದಲುವುದಿಲ್ಲ. ಪೂರ್ವವೇ ಏಕೆಂದರೆ ಜೇನುನೊಣಕ್ಕಾಗಿ. ಪೂರ್ವಕ್ಕೆ ಮುಖವಿದ್ದ ಹೂವು ಬೆಳಿಗ್ಗೆ ಬೇಗ ಬೆಚ್ಚಗಾಗುತ್ತದೆ. ಪಶ್ಚಿಮಕ್ಕೆ ತಿರುಗಿಸಿಟ್ಟದ್ದಕ್ಕಿಂತ ಐದು ಪಟ್ಟು ಹೆಚ್ಚು ಜೇನುನೊಣ ಅದರ ಮೇಲೆ ಕೂತವು. ಪಶ್ಚಿಮದ ಹೂವನ್ನು ಹೀಟರಿನಿಂದ ಬೆಚ್ಚಗೆ ಮಾಡಿದಾಗ ಅದಕ್ಕೂ ಗಿರಾಕಿ ಹೆಚ್ಚಾದರು, ಹಾಗಾಗಿ ಕಾರಣ ದಿಕ್ಕಿನ ಶುಭಫಲವಲ್ಲ, ಬಿಸಿ. ವಾಸ್ತು ಪಂಡಿತರು ಇದನ್ನು ಗಮನಿಸಬೇಕು. ನೀವು ಒಂದು ಹೂವು ಎಂದು ಕರೆಯುವ ಈ ತಟ್ಟೆ ನಿಜದಲ್ಲಿ ನೂರಾರು ಪುಟ್ಟ ಹೂಗಳ ಸಭೆ; ಅಷ್ಟೂ ಸದಸ್ಯರು ವಿಪ್ ಇಲ್ಲದೆ ಒಂದೇ ಕಡೆ ಕೂತಿದ್ದಾರೆ. ಜೇನು ಬಂದರೆ ಕಾಳು, ಕಾಳು ಕಟ್ಟಿದರೆ ರೈತನಿಗೆ ಎಣ್ಣೆಯ ದುಡ್ಡು. ಹೂವಾಡುವ ಹೊತ್ತಿಗೆ ಔಷಧಿ ಹೊಡೆದು ಜೇನನ್ನೇ ಕೊಂದವರಿಗೆ ಕಾಯುವುದು ಜೊಳ್ಳು.

ಪ್ರಶ್ನೆ: ಕೊನೆಯದಾಗಿ ಒಂದು ಆಕ್ಷೇಪ. ಪ್ರತಿ ತಿರುವಿನಲ್ಲೂ ನೀವು ಬೆಳೆಯುತ್ತೀರಿ, ಅದೇ ನಿಮಗೂ ಪಕ್ಷಾಂತರಿಗೂ ಇರುವ ವ್ಯತ್ಯಾಸ ಎನ್ನುತ್ತೀರಿ. ಚುನಾವಣಾ ಪ್ರಮಾಣಪತ್ರಗಳನ್ನು ತೆಗೆದು ನೋಡಿದರೆ ಪ್ರತಿ ತಿರುವಿನಲ್ಲೂ ಬೆಳೆದವರು ನಮ್ಮಲ್ಲೂ ಇದ್ದಾರಲ್ಲ?

ಸೂರ್ಯಕಾಂತಿ: ಹಾಗಿದ್ದರೆ ಹಾರ್ಮರ್ ತಂಡದ ವಿಧಾನವನ್ನೇ ಹಿಡಿಯಿರಿ. ಎರಡೂ ಬದಿಗೆ ಶಾಯಿಯ ಚುಕ್ಕಿ ಇಟ್ಟು, ಬೆಳೆದದ್ದು ಯಾವ ಬದಿ, ಯಾವ ಹೊತ್ತಿನಲ್ಲಿ ಎಂದು ಅಳೆಯಿರಿ. ಹಗಲಿನ ಫೋಟೊ ಪತ್ರಿಕೆಗಳಲ್ಲಿ ಸಿಗುತ್ತದೆ. ಕ್ಯಾಮೆರಾ ಇಡಬೇಕಾದದ್ದು ರಾತ್ರಿಗೆ.